ಡೈನಾ ವಾಷಿಂಗ್ಟನ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ? ನಿಮ್ಮ ಅನುಭವ ಹೇಳಿ

ಸೂಜಿಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. 'ಶಟರ್ ಐಲೆಂಡ್' ಸಿನಿಮಾ ಮುಗಿದ ಮೇಲೆ ಹೆಸರುಗಳು ಬರುವಾಗ ಒಂದು ಹಾಡು ಬಂತು, 'ದಿಸ್ ಬಿಟರ್ ಅರ್ಥ್'. ಹಾಡಿದವರು ಡೈನಾ ವಾಷಿಂಗ್ಟನ್ ಅಂತ ಆಮೇಲೆ ಗೊತ್ತಾಯಿತು. ಆ ದನಿ ಕಿವಿ ಬಿಟ್ಟು ಹೋಗುತ್ತಿಲ್ಲ. ಹುಡುಕಿದರೆ ನೂರಾರು ಹಾಡು, ಲೆಕ್ಕವಿಲ್ಲದಷ್ಟು ಸಂಗ್ರಹ, ಒಂದೇ ಹಾಡು ಬೇರೆ ಬೇರೆ ಕಡೆ ಬೇರೆ ಬೇರೆ ಥರ ಇದೆ. ಜಾಝ್ ನನಗೆ ಪೂರ್ತಿ ಹೊಸದು. ಮನೆಯಲ್ಲಿ ಕರ್ನಾಟಕ ಸಂಗೀತ, ಹಳೇ ಚಿತ್ರಗೀತೆ ಕೇಳಿ ಬೆಳೆದವಳು. ಮೊದಲು ಯಾವ ಆಲ್ಬಮ್ ಕೇಳಲಿ? ಬ್ಲೂಸ್ ಕೂಡ ಹಾಡಿದ್ದಾರಂತೆ, ಅದೂ ಬೇಕು. ಎಲ್‌ಪಿ ಕೊಳ್ಳಬೇಕಾ, ಸಿಡಿ ಸಾಕಾ, ಫೋನಲ್ಲಿ ಕೇಳಿದರೆ ನಡೆಯುತ್ತಾ?

ಹಳೇ ಪ್ಲೇಟು:
ಎಲ್‌ಪಿ ವಿಚಾರ ಆಮೇಲೆ ಬರೆಯುತ್ತೇನೆ. ಮೊದಲು ಇದನ್ನು ಹೇಳಬೇಕು. ನೀವು ಸಿನಿಮಾದಲ್ಲಿ ಕೇಳಿದ್ದು ಮೂಲ ಹಾಡು ಇದ್ದ ಹಾಗೆ ಅಲ್ಲ. ಡೈನಾ ಅವರ ದನಿಯನ್ನು ಮ್ಯಾಕ್ಸ್ ರಿಕ್ಟರ್ ಅವರ ತಂತಿವಾದ್ಯಗಳ ರಚನೆಯೊಂದರ ಜೊತೆ ಬೆರೆಸಿದ್ದಾರೆ. ಮೂಲ ಹಾಡು 1960ರದು. ಬರೆದವರು ಕ್ಲೈಡ್ ಓಟಿಸ್, ಆಗ ಮರ್ಕ್ಯುರಿ ಕಂಪನಿಯಲ್ಲಿ ಡೈನಾ ಅವರ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದವರು. ಮೂಲ ಹಾಡನ್ನೂ ಇವತ್ತೇ ಕೇಳಿಬಿಡಿ. ಸಿನಿಮಾದಲ್ಲಿ ಅಳು ಬರುವ ಹಾಗೆ ಕೇಳಿಸುವ ಸಾಲುಗಳು ಇಲ್ಲಿ ಬೇರೆ ಥರ ಇವೆ. ಅವರು ಅಳುತ್ತಿಲ್ಲ, ಕಹಿಯನ್ನು ನೇರವಾಗಿ ಹೇಳುತ್ತಿದ್ದಾರೆ. ನನಗೆ ಮೂಲವೇ ಜಾಸ್ತಿ ಇಷ್ಟ.

ತಡರಾತ್ರಿ ಕೇಳುಗ:
ನನ್ನನ್ನು ಕೇಳಿದರೆ 'ಡೈನಾ ಜ್ಯಾಮ್ಸ್' ಇಂದ ಶುರು ಮಾಡಿ. ಹೊಸಬರಿಗೆ ಹಿಟ್ ಹಾಡುಗಳ ಸಂಗ್ರಹ ಕೊಡುವುದು ರೂಢಿ. ಆದರೆ ಅದರಿಂದ ಶುರು ಮಾಡಿದವರು ಎಷ್ಟೋ ಜನ ಪಿಟೀಲು ತುಂಬಿದ ಜನಪ್ರಿಯ ಹಾಡುಗಳಲ್ಲೇ ನಿಂತುಬಿಡುತ್ತಾರೆ, ಈ ಹೆಂಗಸು ಎಂಥ ಜಾಝ್ ಗಾಯಕಿ ಅನ್ನುವುದು ಅವರಿಗೆ ತಿಳಿಯುವುದೇ ಇಲ್ಲ.

1954ರ ಆಗಸ್ಟ್ ತಿಂಗಳು, ಲಾಸ್ ಏಂಜಲೀಸ್. ಸ್ಟುಡಿಯೊ ಒಳಗೇ ಜನರನ್ನು ಕರೆದು ಕೂರಿಸಿ ರೆಕಾರ್ಡ್ ಮಾಡಿದ್ದು, ಹಾಗಾಗಿ ಚಪ್ಪಾಳೆಯೂ ಇದೆ. ಟ್ರಂಪೆಟ್‌ಗೇ ಮೂವರು: ಕ್ಲಿಫರ್ಡ್ ಬ್ರೌನ್, ಕ್ಲಾರ್ಕ್ ಟೆರಿ, ಮೇನಾರ್ಡ್ ಫರ್ಗುಸನ್. ಡ್ರಮ್ಸ್ ಮ್ಯಾಕ್ಸ್ ರೋಚ್. ಇದಾದ ಎರಡು ವರ್ಷಕ್ಕೆ, 1956ರಲ್ಲಿ, ಕ್ಲಿಫರ್ಡ್ ಬ್ರೌನ್ ಕಾರು ಅಪಘಾತದಲ್ಲಿ ತೀರಿಕೊಂಡರು, ವಯಸ್ಸು ಬರೀ 25. ಅದೇ ಅಪಘಾತದಲ್ಲಿ ತೀರಿಹೋದ ರಿಚೀ ಪೊವೆಲ್ ಕೂಡ ಇದೇ ಆಲ್ಬಮ್‌ನಲ್ಲಿ ಪಿಯಾನೊ ನುಡಿಸಿದ್ದಾರೆ. ಅದನ್ನು ತಿಳಿದು ಕೇಳಿದರೆ ಎದೆ ಭಾರವಾಗುತ್ತದೆ.

'ಲವರ್ ಕಮ್ ಬ್ಯಾಕ್ ಟು ಮಿ' ಹಾಕಿ. ಓಡುವ ಲಯ. ಡೈನಾ ಹಾಡಿ ಪಕ್ಕಕ್ಕೆ ಸರಿಯುತ್ತಾಳೆ, ಕಛೇರಿಯಲ್ಲಿ ತನಿ ಬಿಟ್ಟ ಹಾಗೆ ವಾದ್ಯದವರು ಒಬ್ಬರಾದ ಮೇಲೆ ಒಬ್ಬರು ನುಡಿಸುತ್ತಾರೆ, ಕೊನೆಗೆ ಆಕೆ ವಾಪಸ್ ಬಂದಾಗ ಅಷ್ಟು ಟ್ರಂಪೆಟ್‌ಗಳಿದ್ದರೂ ದನಿ ಮೇಲೇ ನಿಲ್ಲುತ್ತದೆ. ಕಿರುಚದೇ ನಿಲ್ಲುತ್ತದೆ! ಉದ್ದದ ಸೋಲೊಗಳು ಮೊದಮೊದಲು ಸಾಕಾಗಬಹುದು. ಆಗ ಅದೇ ಆಲ್ಬಮ್‌ನ 'ದೇರ್ ಈಸ್ ನೋ ಗ್ರೇಟರ್ ಲವ್' ಕೇಳಿ, ಚಿಕ್ಕದು, ನಿಧಾನದ್ದು.

ಕೇಳುವಾಗ ಒಂದನ್ನು ಗಮನಿಸಿ. ಆಕೆಯ ಉಚ್ಚಾರ. ಪದದ ಕೊನೆಯ ಅಕ್ಷರವನ್ನೂ ನುಂಗುವುದಿಲ್ಲ. ಸ್ವರ ಎಳೆಯಬಹುದಾದ ಕಡೆ ಥಟ್ಟನೆ ಕತ್ತರಿಸಿ ಮುಂದಿನ ಮಾತಿಗೆ ಹೋಗುತ್ತಾಳೆ. ಆ ಬಿಟ್ಟ ಜಾಗದಲ್ಲೇ ಭಾವ ತುಂಬಿಕೊಳ್ಳುತ್ತದೆ. ಇಂಗ್ಲಿಷ್ ಹಾಡಿನಲ್ಲಿ ಮಾತು ಗೊತ್ತಾಗಲ್ಲ ಅನ್ನುತ್ತಿದ್ದ ನಮ್ಮಮ್ಮನಿಗೂ ಈಕೆಯ ಹಾಡಿನಲ್ಲಿ ಮಾತು ಗೊತ್ತಾಗುತ್ತದೆ. ಈ ಅಭ್ಯಾಸ ಚರ್ಚ್‌ನಿಂದ ಬಂದದ್ದು ಅಂತ ನನ್ನ ನಂಬಿಕೆ. ಆಕೆಯ ನಿಜವಾದ ಹೆಸರು ರೂತ್ ಜೋನ್ಸ್. 1924ರಲ್ಲಿ ಅಲಬಾಮಾದ ಟಸ್ಕಲೂಸಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಷಿಕಾಗೊಗೆ ಬಂದು, ಚರ್ಚ್‌ನಲ್ಲಿ ಪಿಯಾನೊ ನುಡಿಸುತ್ತಾ ಹಾಡುತ್ತಾ ಬೆಳೆದವಳು. ಸ್ಯಾಲಿ ಮಾರ್ಟಿನ್ ಅವರ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ತಂಡದಲ್ಲೂ ಇದ್ದಳು. ಅಲ್ಲಿ ದೇವರ ಮಾತು ಕೊನೇ ಬೆಂಚಿಗೂ ತಲುಪಬೇಕು, ಅಲ್ವಾ?

ಎರಡನೆಯದಾಗಿ 1955ರ 'ಫಾರ್ ದೋಸ್ ಇನ್ ಲವ್'. ಹಾಡುಗಳಿಗೆ ವಾದ್ಯ ಹೊಂದಿಸಿದವರು ಕ್ವಿನ್ಸಿ ಜೋನ್ಸ್, ಆಗಿನ್ನೂ 22ರ ಹುಡುಗ. ಪಿಯಾನೊ ವಿಂಟನ್ ಕೆಲ್ಲಿ. ಸಣ್ಣ ತಂಡ, ಎಲ್ಲರಿಗೂ ಉಸಿರಾಡಲು ಜಾಗ ಇದೆ. ಅದರಲ್ಲಿನ 'ಬ್ಲೂ ಗಾರ್ಡೇನಿಯ' ಮುಂದೆ 'ದಿ ಬ್ರಿಡ್ಜಸ್ ಆಫ್ ಮ್ಯಾಡಿಸನ್ ಕೌಂಟಿ' ಸಿನಿಮಾದಲ್ಲಿ ಬಂತು, ಕೇಳಿರುತ್ತೀರಿ. 'ಆಫ್ಟರ್ ಅವರ್ಸ್ ವಿತ್ ಮಿಸ್ ಡಿ' ಮೂರನೆಯದು. ಅದೂ ಜಾಝ್‌ನವರ ಜೊತೆಯದೇ, ರಾತ್ರಿ ಕೆಲಸ ಮುಗಿಸಿ ಕೂತು ಕೇಳುವಂಥದ್ದು.

ಕಾವೇರಿ ತೀರ:
'ಡೈನಾ ಜ್ಯಾಮ್ಸ್' ಬಗ್ಗೆ ಮೇಲೆ ಹೇಳಿದ್ದಕ್ಕೆ ನನ್ನದೂ ಸಹಿ. ಆದರೆ ಪಿಟೀಲಿನ ಹಾಡುಗಳನ್ನು ಹಾಗೆ ಬದಿಗೆ ಸರಿಸಬೇಡಿ ದಯವಿಟ್ಟು. ಪ್ರಶ್ನೆ ಕೇಳಿದವರು ಬಂದದ್ದೇ ಆ ಬಾಗಿಲಿನಿಂದ. ಚಿತ್ರಗೀತೆ ಕೇಳಿ ಬೆಳೆದ ಕಿವಿಗೆ ದೊಡ್ಡ ವಾದ್ಯವೃಂದ ಹೊಸದಲ್ಲ, ಅಲ್ಲಿಂದ ಒಳಗೆ ಹೋಗುವುದು ಸುಲಭ.

1959ರ 'ವಾಟ್ ಅ ಡಿಫರೆನ್ಸ್ ಅ ಡೇ ಮೇಕ್ಸ್' ತಗೊಳ್ಳಿ. ಹುಟ್ಟಿದ್ದು ಸ್ಪ್ಯಾನಿಷ್ ಹಾಡಾಗಿ, 1934ರಲ್ಲಿ, ರಚಿಸಿದವರು ಮೆಕ್ಸಿಕೊದ ಮರಿಯಾ ಗ್ರೇವರ್. ಡೈನಾ ಹಾಡಿದ್ದು ಬೆಲ್‌ಫರ್ಡ್ ಹೆಂಡ್ರಿಕ್ಸ್ ಹೊಂದಿಸಿದ ವಾದ್ಯಗಳ ಜೊತೆ. ಅದಕ್ಕೂ ಮುಂಚೆ ಹತ್ತು ಹನ್ನೆರಡು ವರ್ಷ ಕಪ್ಪು ಜನರ ಸಂಗೀತಕ್ಕೆಂದೇ ಇದ್ದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆಕೆಯ ಹಾಡುಗಳು ಮೇಲೆಯೇ ಇದ್ದವು, 1948 ಮತ್ತು 1949ರಲ್ಲಿ ಮೊದಲ ಸ್ಥಾನಕ್ಕೂ ಹೋಗಿದ್ದವು. ಆದರೆ ಇಡೀ ದೇಶದ ಪಟ್ಟಿಯಲ್ಲಿ ಎಂಟನೇ ಸ್ಥಾನಕ್ಕೆ ಏರಿಸಿದ್ದು ಈ ಹಾಡು. ಗ್ರ್ಯಾಮಿಯೂ ಬಂತು. ಆಗ ಕೆಲವು ಜಾಝ್ ವಿಮರ್ಶಕರು ಮುಖ ಸಿಂಡರಿಸಿದರು, ಈಕೆ ಮಾರುಕಟ್ಟೆಗೆ ಹೋದಳು ಅಂತ. ನನಗೆ ಆ ಮಾತು ಯಾವತ್ತೂ ಸರಿ ಅನ್ನಿಸಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿ: ಪಿಟೀಲುಗಳು ಎಷ್ಟೇ ಮೆತ್ತಗೆ ಹರಿಯಲಿ, ಆಕೆ ಜೊತೆಗೆ ಕರಗುವುದಿಲ್ಲ. ತಾಳಕ್ಕಿಂತ ಒಂದು ಎಳೆ ಹಿಂದೆ ಉಳಿದು, ಸಾಲಿನ ಕೊನೆಗೆ ಸರಿಯಾಗಿ ಬಂದು ಸೇರುತ್ತಾಳೆ. ಇದು ಬ್ಲೂಸ್ ಹಾಡಿದವರ ಲೆಕ್ಕವೇ.

ಬ್ರೂಕ್ ಬೆಂಟನ್ ಜೊತೆಗಿನ 1960ರ 'ಬೇಬಿ, ಯು ಹ್ಯಾವ್ ಗಾಟ್ ವಾಟ್ ಇಟ್ ಟೇಕ್ಸ್' ಕೂಡ ಕೇಳಿ. ಅದರಲ್ಲಿ ಬೆಂಟನ್ ಆಕೆಯ ಸಾಲಿಗೆ ಬಾಯಿ ಹಾಕುತ್ತಾನೆ, ಆಕೆ ಹಾಡುತ್ತಲೇ ಅವನನ್ನು ತಮಾಷೆಯಾಗಿ ಗದರುತ್ತಾಳೆ. ಅದನ್ನು ತೆಗೆಯದೇ ಹಾಗೇ ಪ್ಲೇಟಿಗೆ ಹಾಕಿದರು. ನಮ್ಮ ಮನೆಯಲ್ಲಿ ಮಕ್ಕಳಿಗೆ ಆ ಜಾಗ ಬಂದರೆ ಸಾಕು, ನಗು.

ಸೂಜಿಮಲ್ಲಿಗೆ:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ಬ್ಲೂ ಗಾರ್ಡೇನಿಯ' ಆಗಲೇ ಕೇಳಿದೆ, ಎಷ್ಟು ಚೆನ್ನಾಗಿದೆ! ಆದರೆ ಬ್ಲೂಸ್ ಅಂದರೆ ಯಾವುದು, ಎಲ್ಲಿದೆ? ಇದೆಲ್ಲ ಪ್ರೇಮಗೀತೆಗಳ ಥರ ಇದೆ.

ತಡರಾತ್ರಿ ಕೇಳುಗ:
ಒಳ್ಳೆ ಪ್ರಶ್ನೆ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ, ಬದುಕಿನ ಕಷ್ಟಸುಖ ಹೇಳುವ ಹಾಡುಗಾರಿಕೆ. ಆಕೆಯ ಮೊದಲ ಪ್ಲೇಟೇ ಬ್ಲೂಸ್. ಲಯೋನೆಲ್ ಹ್ಯಾಂಪ್ಟನ್ ಅವರ ಬ್ಯಾಂಡ್‌ನಲ್ಲಿ ಹಾಡುತ್ತಿದ್ದಾಗ, 1943ರ ಡಿಸೆಂಬರ್‌ನಲ್ಲಿ, ಕೀನೋಟ್ ಅನ್ನುವ ಸಣ್ಣ ಕಂಪನಿಗೆ 'ಈವಿಲ್ ಗ್ಯಾಲ್ ಬ್ಲೂಸ್' ಹಾಡಿದಳು. ವಯಸ್ಸು 19. ಆ ಹಾಡಿನ ಹೆಂಗಸು ನಾನು ಕೆಟ್ಟವಳು, ನನ್ನ ತಂಟೆಗೆ ಬರಬೇಡ ಅನ್ನುತ್ತಾಳೆ. ಆ ವಯಸ್ಸಿನ ಹುಡುಗಿಯ ದನಿಯಲ್ಲಿ ಆ ಧೈರ್ಯ ನಂಬುವ ಹಾಗೆ ಇದೆ. ಆಮೇಲೆ 1952ರ 'ಟ್ರಬಲ್ ಇನ್ ಮೈಂಡ್' ಕೇಳಿ. ಇದನ್ನು ನಾನು ತುಂಬಾ ಕಷ್ಟದ ದಿನಗಳಲ್ಲಿ ಕೇಳಿದ್ದೇನೆ. ಸಮಾಧಾನ ಹೇಳುವ ಹಾಡಲ್ಲ, ಆದರೂ ಸಮಾಧಾನ ಆಗುತ್ತದೆ.

'ಲಾಂಗ್ ಜಾನ್ ಬ್ಲೂಸ್' ಥರದ ಕೆಲವು ಹಾಡುಗಳಿಗೆ ಎರಡೆರಡು ಅರ್ಥ ಇದೆ. ಹಲ್ಲಿನ ಡಾಕ್ಟರ ಕಥೆ ಅಂದುಕೊಂಡು ಎಲ್ಲರ ಮುಂದೆ ಹಾಕುವ ಮುಂಚೆ ಒಂದು ಸಲ ನೀವೇ ಕೇಳಿಬಿಡಿ. ಆ ಕಾಲದ ಬ್ಲೂಸ್‌ನಲ್ಲಿ ಅದು ಮಾಮೂಲು.

ಇನ್ನು ಬೆಸ್ಸಿ ಸ್ಮಿತ್ ಹಾಡುಗಳ ಆಲ್ಬಮ್, 1958ರದು. 1920ರ ದಶಕದ ಆ ದೊಡ್ಡ ಗಾಯಕಿಗೆ ಸಲ್ಲಿಸಿದ ಗೌರವ. ವಾದ್ಯಗಳನ್ನು ಬೇಕೆಂದೇ ಹಳೇ ಕಾಲದ ಥರ ಹೊಂದಿಸಿದ್ದಾರೆ, ಅದು ನನಗೆ ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ. ಹಾಡಿಕೆ ಮಾತ್ರ ಅದ್ಭುತ. 'ಬ್ಯಾಕ್‌ವಾಟರ್ ಬ್ಲೂಸ್' ನೆರೆಯಲ್ಲಿ ಮನೆ ಕಳೆದುಕೊಂಡವರ ಹಾಡು. ಬೆಸ್ಸಿ 1927ರಲ್ಲಿ ಹಾಡಿದ್ದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಬೆಸ್ಸಿಯದು ಭಾರವಾಗಿ ನಡೆಯುವ ದನಿ, ಡೈನಾದು ಹರಿತವಾದ ದನಿ. ದುಃಖ ಒಂದೇ.

ನೋಡುವುದಕ್ಕೂ ಒಂದಿದೆ. 1958ರ ನ್ಯೂಪೋರ್ಟ್ ಜಾಝ್ ಹಬ್ಬದ ಬಗ್ಗೆ ತೆಗೆದ 'ಜಾಝ್ ಆನ್ ಅ ಸಮ್ಮರ್ಸ್ ಡೇ' ಚಿತ್ರದಲ್ಲಿ ಆಕೆ 'ಆಲ್ ಆಫ್ ಮಿ' ಹಾಡುತ್ತಾಳೆ. ನಡುವೆ ಕೋಲು ಹಿಡಿದು ಟೆರಿ ಗಿಬ್ಸ್ ಜೊತೆ ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ನುಡಿಸುವುದಕ್ಕೂ ನಿಂತುಬಿಡುತ್ತಾಳೆ. ಆ ಖುಷಿ ನೋಡಿ. ಇದಾದ ಐದೇ ವರ್ಷಕ್ಕೆ, 1963ರ ಡಿಸೆಂಬರ್‌ನಲ್ಲಿ, ಡೆಟ್ರಾಯ್ಟ್‌ನ ಮನೆಯಲ್ಲಿ ಮಾತ್ರೆಗಳು ಮಿತಿಮೀರಿ ತೀರಿಕೊಂಡಳು. 39 ವರ್ಷ. ಎಷ್ಟು ಸಲ ನೆನೆಸಿಕೊಂಡರೂ ಹೊಟ್ಟೆಯಲ್ಲಿ ಸಂಕಟ.

ಹಳೇ ಪ್ಲೇಟು:
ಈಗ ಕೊಳ್ಳುವ ವಿಚಾರ. ಸದ್ಯಕ್ಕೆ ಫೋನಲ್ಲೇ ಕೇಳಿ, ದುಡ್ಡು ಉಳಿಸಿ. ಮೇಲಿನ ಆಲ್ಬಮ್‌ಗಳನ್ನು ಅವುಗಳ ಮೂಲ ಹೆಸರಿನಲ್ಲೇ ಹುಡುಕಿ, 'ಅತ್ಯುತ್ತಮ 50' ಥರದವನ್ನು ಬಿಡಿ. ಕಾರಣ ಇದೆ. ಯುರೋಪಿನಲ್ಲಿ 1962ರವರೆಗೆ ಬಿಡುಗಡೆಯಾದ ರೆಕಾರ್ಡಿಂಗ್‌ಗಳ ಹಕ್ಕಿನ ಅವಧಿ ಮುಗಿದಿದೆ. ಹಾಗಾಗಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಕೆಲವರು ಚೆನ್ನಾಗಿ ಮಾಡುತ್ತಾರೆ. ಕೆಲವರು ಹಳೇ ಪ್ಲೇಟಿನ ಸದ್ದು ತೆಗೆಯಲು ಹೋಗಿ ದನಿಯ ಹೊಳಪನ್ನೇ ಒರೆಸಿಬಿಡುತ್ತಾರೆ. ಡೈನಾ ಅವರ ದನಿಯ ಜೀವ ಇರುವುದೇ ಆ ಹೊಳಪಿನಲ್ಲಿ. ನಾನು ತರಿಸಿದ ಒಂದು ಎಲ್‌ಪಿ ನೋಡಲು ಭರ್ಜರಿ, ಹಾಕಿದರೆ ಕಂಬಳಿ ಹೊದ್ದು ಹಾಡಿದ ಹಾಗಿತ್ತು. ಒಳಗೆ ಎಲ್ಲಿಂದ ನಕಲು ತೆಗೆದದ್ದು ಅಂತ ಒಂದು ಸಾಲೂ ಬರೆದಿರಲಿಲ್ಲ.

ಸಿಡಿ ಕೊಳ್ಳುವುದಾದರೆ 'ಫಸ್ಟ್ ಇಶ್ಯೂ' ಅನ್ನುವ ಎರಡು ಡಿಸ್ಕಿನ ಸಂಗ್ರಹ ಸಿಕ್ಕರೆ ಬಿಡಬೇಡಿ. ಆರಂಭದಿಂದ ಮರ್ಕ್ಯುರಿ ಕಾಲದವರೆಗೆ ಎಲ್ಲದರ ರುಚಿ ಸಿಗುತ್ತದೆ. ಹುಚ್ಚು ಹಿಡಿದರೆ ಮರ್ಕ್ಯುರಿಯ ಪೂರ್ತಿ ಸರಣಿ ಇದೆ, ಏಳು ಸಂಪುಟ, ಒಂದೊಂದರಲ್ಲಿ ಮೂರು ಡಿಸ್ಕ್. ಅದು 1946ರಿಂದ 1961ರವರೆಗಿನದು ಮಾತ್ರ. 1962ರಿಂದ ಅವರು ರೂಲೆಟ್ ಕಂಪನಿಗೆ ಹಾಡಿದರು, ಆ ಹಾಡುಗಳು ಅದರಲ್ಲಿ ಇಲ್ಲ. 'ಬ್ಯಾಕ್ ಟು ದ ಬ್ಲೂಸ್', 'ಡ್ರಿಂಕಿಂಗ್ ಅಗೇನ್' ಎರಡನ್ನೂ ಬೇರೆಯಾಗಿ ಹುಡುಕಬೇಕು. ದನಿ ಸ್ವಲ್ಪ ದಣಿದಿದೆ, ಆದರೆ 'ಡ್ರಿಂಕಿಂಗ್ ಅಗೇನ್' ಹಾಡಿಗೆ ಆ ದಣಿವೇ ಬೇಕಿತ್ತು.

ಒಂದೇ ಹಾಡು ಬೇರೆ ಬೇರೆ ಥರ ಯಾಕಿದೆ ಅಂದಿರಿ. ಅವರೇ ಮತ್ತೆ ಹಾಡಿದ್ದಾರೆ, ಅಷ್ಟೇ. 'ಮ್ಯಾಡ್ ಅಬೌಟ್ ದ ಬಾಯ್' 1952ರಲ್ಲಿ ಒಂದು, 1961ರಲ್ಲಿ ಕ್ವಿನ್ಸಿ ಜೋನ್ಸ್ ಅವರ ವಾದ್ಯವೃಂದದ ಜೊತೆ ಇನ್ನೊಂದು. ಸಂಗ್ರಹಗಳಲ್ಲಿ ಎಷ್ಟೋ ಸಲ ವರ್ಷವನ್ನೇ ಹಾಕಿರುವುದಿಲ್ಲ.  ಎರಡನ್ನೂ ಕೇಳಿ ಯಾವುದು ಹಿಡಿಸಿತು ಅಂತ ಇಲ್ಲೇ ಬರೆಯಿರಿ.