ಡಬ್ಬಿಯಲ್ಲೇ ಪುಡಿಯಾದ ಹರಳು: ಇದು ಬಿಯಾಂಕೈಟ್ ಇರಬಹುದಾ?

ಪ್ರಶ್ನೆ (ಹೈಸ್ಕೂಲ್ ವಿಜ್ಞಾನ ಶಿಕ್ಷಕ, ದಾವಣಗೆರೆ)

ಮೇಡಂ, ನಮಸ್ಕಾರ. ನನ್ನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ರಜೆಯಲ್ಲಿ ಚಿತ್ರದುರ್ಗದ ಹತ್ತಿರ ಇಂಗಳದಾಳ್ ಕಡೆ ಅಜ್ಜಿ ಮನೆಗೆ ಹೋಗಿದ್ದ. ಅಲ್ಲಿ ಹಳೇ ಗಣಿಯ ಕಲ್ಲುಗುಡ್ಡೆ ಹತ್ತಿರ ಸಿಕ್ಕಿದ್ದು ಅಂತ ಒಂದು ಕಲ್ಲು ತಂದುಕೊಟ್ಟ. ಕಲ್ಲಿನ ಅಡಿಭಾಗದಲ್ಲಿ ಬಿಳಿ ಹರಳುಗಳು ಪೊರೆಯ ಹಾಗೆ ಕೂತಿದ್ದವು, ಸ್ವಲ್ಪ ಹಸಿರು ಛಾಯೆ ಇತ್ತು. ಟಿಫನ್ ಡಬ್ಬಿಗೆ ಹಾಕಿ ಲ್ಯಾಬಿನ ಬೀರುವಿನಲ್ಲಿಟ್ಟೆ. ಹತ್ತು ದಿನ ಬಿಟ್ಟು ತೆಗೆದರೆ ಹರಳೇ ಇಲ್ಲ! ಬರೀ ಬಿಳಿ ಪುಡಿ, ಅಲ್ಲಲ್ಲಿ ಹಳದಿ. ಮೊದಲ ದಿನದ ಫೋಟೊವನ್ನು ಮೊಬೈಲಿನ ಆ್ಯಪ್‌ಗೆ ಹಾಕಿದಾಗ ‘ಬಿಯಾಂಕೈಟ್’ ಅಂತ ತೋರಿಸಿತ್ತು. ಸತು, ಕಬ್ಬಿಣ, ಗಂಧಕ, ನೀರು ಸೇರಿದ ಅಪರೂಪದ ಖನಿಜವಂತೆ. ನಿಜಾನಾ? ಪುಡಿಯಾಗಿದ್ದು ನನ್ನ ತಪ್ಪಾ? ಹುಡುಗ ದಿನಾ ಬಂದು ಕೇಳುತ್ತಾನೆ.

ಉತ್ತರ (ಭೂವಿಜ್ಞಾನಿ, ಚಿತ್ರದುರ್ಗ)

ನಮಸ್ಕಾರ ಮೇಷ್ಟ್ರೇ. ಹುಡುಗನಿಗೆ ಮೊದಲು ಒಂದು ಮಾತು ಹೇಳಿಬಿಡಿ. ಅವನ ಹರಳು ಹಾಳಾಗಿಲ್ಲ, ಅದು ಬೇರೆ ಖನಿಜವಾಗಿದೆ. ನಿಮ್ಮ ತಪ್ಪೂ ಏನಿಲ್ಲ. ಈ ಜಾತಿಯ ಖನಿಜಗಳ ಸ್ವಭಾವವೇ ಹಾಗೆ.

ಇವುಗಳ ಹೆಸರು ನಿಂತಿರೋದೇ ನೀರಿನ ಲೆಕ್ಕದ ಮೇಲೆ. ಸತುವಿನ ಸಲ್ಫೇಟನ್ನೇ ತಗೊಳ್ಳಿ, ಅಂದರೆ ಸತು, ಗಂಧಕ, ಆಮ್ಲಜನಕ ಸೇರಿದ ಉಪ್ಪು. ಒಂದು ಸತುವಿನ ಜೊತೆ ಏಳು ನೀರಿನ ಅಣು ಇದ್ದರೆ ಅದು ಗೊಸ್ಲರೈಟ್. ಆರಿದ್ದರೆ ಬಿಯಾಂಕೈಟ್. ನಾಲ್ಕಿದ್ದರೆ ಬಾಯ್ಲೈಟ್. ಒಂದೇ ಉಳಿದರೆ ಗನ್ನಿಂಗೈಟ್. ಒಂದು ಅಣು ನೀರು ಹೋಯಿತು ಅಂದರೆ ಒಳಗಿನ ಜೋಡಣೆ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ಹೊರಗೆ ನಮ್ಮ ಕಣ್ಣಿಗೆ ಕಾಣೋದು ಹರಳು ಮಂಕಾಗಿ ಉದುರಿದ್ದು ಮಾತ್ರ.

ಬಿಯಾಂಕೈಟ್‌ನಲ್ಲಿ ಸತುವಿನ ಜಾಗದಲ್ಲಿ ಅಲ್ಲಲ್ಲಿ ಕಬ್ಬಿಣ ಕೂತಿರುತ್ತದೆ. ಎರಡು ಪಾಲು ಸತು, ಒಂದು ಪಾಲು ಕಬ್ಬಿಣ ಅಂತ ಇಟ್ಟುಕೊಂಡು ನೀವೇ ಬೋರ್ಡಿನ ಮೇಲೆ ಲೆಕ್ಕ ಹಾಕಿ. ಹರಳಿನ ತೂಕದಲ್ಲಿ ಶೇ 40ರಷ್ಟು ಬರೀ ನೀರು ಬರುತ್ತದೆ! ಸತು ಶೇ 16ರ ಆಸುಪಾಸು, ಕಬ್ಬಿಣ ಶೇ 7. ಬಣ್ಣ ಬಿಳಿ, ಗಾಳಿ ತಾಗಿದರೆ ಹಳದಿಗೆ ತಿರುಗಬಹುದು. ತುಂಬಾ ಮೆತ್ತಗೆ, ಸಾಂದ್ರತೆ ನೀರಿನ ಎರಡು ಪಟ್ಟು ಅಷ್ಟೇ. ನೀರಿಗೆ ಹಾಕಿದರೆ ಕರಗಿಹೋಗುತ್ತದೆ. ಹಾಗಾಗಿ ಮಳೆ ಬೀಳುವ ಬಯಲಿನಲ್ಲಿ ಇದು ಉಳಿಯೋದಿಲ್ಲ. ಗಣಿಯ ಒಳಗೋಡೆ, ಬಂಡೆಯ ಅಡಿ, ಹೀಗೆ ಮರೆ ಇರುವ ಕಡೆಯೇ ಬೇಕು.

ಇದು ಹುಟ್ಟೋ ರೀತಿ ಹೀಗೆ. ಸತುವಿನ ಮುಖ್ಯ ಅದಿರು ಸ್ಫ್ಯಾಲರೈಟ್, ಅಂದರೆ ಸತು ಮತ್ತು ಗಂಧಕ. ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಪೈರೈಟ್ ಇರುತ್ತದೆ. ಅದು ಕಬ್ಬಿಣ ಮತ್ತು ಗಂಧಕ. ಗಣಿ ತೋಡಿದಾಗ ಇವೆರಡಕ್ಕೂ ಗಾಳಿ, ನೀರು ತಾಗುತ್ತವೆ. ಪೈರೈಟ್ ನಿಧಾನಕ್ಕೆ ಕೊಳೆತು ಗಂಧಕಾಮ್ಲ ಬಿಡುತ್ತದೆ. ಕಬ್ಬಿಣವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳೂ ಇವೆ, ಅವು ಈ ಕೆಲಸವನ್ನು ಇನ್ನೂ ಜೋರು ಮಾಡುತ್ತವೆ. ಹುಳಿಯಾದ ಆ ನೀರಿನಲ್ಲಿ ಸತುವೂ ಕಬ್ಬಿಣವೂ ಕರಗುತ್ತವೆ. ಆ ನೀರು ಗೋಡೆಯಲ್ಲಿ ಜಿನುಗಿ ಒಣಗಿದಾಗ ಉಪ್ಪು ಮೇಲೇಳುತ್ತದೆ, ನಮ್ಮ ಹಳೇ ಮಣ್ಣಿನ ಗೋಡೆಗಳಿಗೆ ಉಪ್ಪು ಮೇಲೇಳುವ ಹಾಗೇ. ಆಗಿನ ಬಿಸಿ, ಗಾಳಿಯ ತೇವ ಎಷ್ಟಿದೆ ಅನ್ನೋದರ ಮೇಲೆ ಏಳು ನೀರಿನದ್ದೋ ಆರರದ್ದೋ ಅಂತ ತೀರ್ಮಾನ ಆಗುತ್ತದೆ. ಅಪರೂಪ ಅನ್ನೋದು ಇದೇ ಕಾರಣಕ್ಕೆ. ಸತು ಜಾಸ್ತಿ ಇರಬೇಕು, ಕಬ್ಬಿಣ ಹದವಾಗಿರಬೇಕು, ತೇವವೂ ಹದವಾಗಿರಬೇಕು.

ಇದನ್ನು ಮೊದಲು ವಿವರಿಸಿದ್ದು 1930ರಲ್ಲಿ. ಇಟಲಿಯ ಈಶಾನ್ಯ ಮೂಲೆಯಲ್ಲಿ, ಆಸ್ಟ್ರಿಯಾ, ಸ್ಲೊವೇನಿಯಾ ಗಡಿಗೆ ಹತ್ತಿರ, ರೈಬ್ಲ್ ಅನ್ನುವ ಹಳೇ ಸೀಸ, ಸತುವಿನ ಗಣಿ ಇತ್ತು. ಈಗ ಆ ಊರನ್ನು ಕಾವೆ ದೆಲ್ ಪ್ರೆದಿಲ್ ಅನ್ನುತ್ತಾರೆ. ಅಲ್ಲಿ ಸಿಕ್ಕ ಈ ಖನಿಜಕ್ಕೆ ಪಾದುವಾ ವಿಶ್ವವಿದ್ಯಾಲಯದ ಖನಿಜಶಾಸ್ತ್ರಜ್ಞ ಆಂಜೆಲೊ ಬಿಯಾಂಕಿ ಅವರ ಹೆಸರಿಟ್ಟರು.

ಈಗ ನಿಮ್ಮ ಕಲ್ಲಿನ ವಿಷಯ. ನನಗೆ ಅನುಮಾನ ಇದೆ, ಕಾರಣ ನೀವು ಹೇಳಿದ ಆ ಹಸಿರು ಛಾಯೆ. ಇಂಗಳದಾಳ್ ತಾಮ್ರದ ಜಾಗ. ಹಟ್ಟಿ ಚಿನ್ನದ ಗಣಿ ಕಂಪನಿ ಅಲ್ಲಿ ತಾಮ್ರದ ಅದಿರು ತೆಗೆಯುತ್ತಿತ್ತು. ಅಲ್ಲಿನ ಕಲ್ಲಿನಲ್ಲಿ ತಾಮ್ರ, ಕಬ್ಬಿಣದ ಸಲ್ಫೈಡುಗಳೇ (ಗಂಧಕದ ಜೊತೆ ಸೇರಿದ ಖನಿಜಗಳೇ) ಜಾಸ್ತಿ, ಸ್ಫ್ಯಾಲರೈಟ್ ಇದ್ದರೂ ಕಡಿಮೆ. ಆ್ಯಪ್ ಬರೀ ಬಣ್ಣ, ಆಕಾರ ನೋಡಿ ಹೇಳಿದೆ. ಈ ಗುಂಪಿನ ಖನಿಜಗಳನ್ನು ಫೋಟೊ ನೋಡಿ ಗುರುತಿಸೋದು ನನ್ನಿಂದಲೂ ಆಗೋದಿಲ್ಲ.

ನಿಮ್ಮ ಲ್ಯಾಬಿನಲ್ಲೇ ಎರಡು ಪರೀಕ್ಷೆ ಮಾಡಿ. ಚಿಟಿಕೆ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಎರಡು ಪಾಲು ಮಾಡಿ. ಒಂದಕ್ಕೆ ಹಾಲು ಹಾಕದ ಟೀ ಡಿಕಾಕ್ಷನ್ ನಾಲ್ಕು ಹನಿ ಬಿಡಿ. ಚನ್ನಗಿರಿ ಕಡೆಯ ಮಕ್ಕಳಿದ್ದರೆ ಅಡಿಕೆ ಚೊಗರು ತರಲಿಕ್ಕೆ ಹೇಳಿ, ಅದೂ ಆಗುತ್ತದೆ. ಕಬ್ಬಿಣ ಇದ್ದರೆ ಶಾಯಿಯ ಹಾಗೆ ಕಪ್ಪಾಗುತ್ತದೆ. ಇನ್ನೊಂದಕ್ಕೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದ ಸಾದಾ ಕಬ್ಬಿಣದ ಮೊಳೆ ಅದ್ದಿಡಿ. ತಾಮ್ರ ಇದ್ದರೆ ಮೊಳೆಗೆ ಕೆಂಪು ಲೇಪ ಹತ್ತುತ್ತದೆ. ಸತು ಹಾಗೆ ಹತ್ತೋದಿಲ್ಲ. ಯಾರೂ ನಾಲಿಗೆಗೆ ಹಚ್ಚಿ ನೋಡಬಾರದು, ಕೈ ತೊಳೆಯಬೇಕು.

ಪ್ರಶ್ನೆ (ಮೆಕ್ಕೆಜೋಳ ಬೆಳೆಗಾರ, ಜಗಳೂರು)

ಅಕ್ಕಾ, ನಡುವೆ ಬರ್ತಿದ್ದೀನಿ. ಅಂಗಡಿಯಲ್ಲಿ ಜಿಂಕ್ ಸಲ್ಫೇಟ್ ಅಂತ ಕೊಡ್ತಾರಲ್ಲ, ಅದೂ ಇದೂ ಒಂದೇನಾ? ಹಂಗಿದ್ರೆ ಆ ಕಲ್ಲಿನ ಪುಡೀನ ಹೊಲಕ್ಕೆ ಹಾಕಬಹುದಾ? ಇನ್ನೊಂದು, ಹೋದ ಬೇಸಿಗೇಲಿ ತಗಡಿನ ಶೆಡ್ಡಲ್ಲಿ ಇಟ್ಟಿದ್ದ ಚೀಲ ಕಲ್ಲಾಗಿ ಕೂತಿತ್ತು. ಅದು ನಕಲಿ ಮಾಲಾ?

ಉತ್ತರ

ಅಣ್ಣಾ, ಚೆನ್ನಾಗಿ ಕೇಳಿದಿರಿ. ಎರಡೂ ಒಂದೇ ವಂಶ. ಚೀಲದ ಮೇಲೆ ಸತು ಶೇ 21 ಅಂತ ಇದ್ದರೆ ಅದು ಏಳು ನೀರಿನದ್ದು, ಶೇ 33 ಅಂತ ಇದ್ದರೆ ಒಂದು ನೀರಿನದ್ದು. ನೀರು ಕಡಿಮೆಯಾದಷ್ಟೂ ಅದೇ ಕಿಲೋದಲ್ಲಿ ಸತು ಜಾಸ್ತಿ ಸಿಗುತ್ತದೆ.

ಗಟ್ಟಿಯಾದ ಮಾತ್ರಕ್ಕೆ ನಕಲಿ ಅನ್ನಬೇಡಿ. ಏಳು ನೀರಿನ ಜಿಂಕ್ ಸಲ್ಫೇಟ್ ಸುಮಾರು 39 ಡಿಗ್ರಿ ದಾಟಿದರೆ ಒಂದು ಅಣು ನೀರು ಬಿಟ್ಟು ಆರು ನೀರಿನದ್ದಾಗುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ಅಷ್ಟು ಬಿಸಿ ಸುಲಭವಾಗಿ ಬರುತ್ತದೆ, ಅಲ್ವಾ? ಬಿಟ್ಟ ನೀರು ಚೀಲದಿಂದ ಆಚೆ ಹೋಗೋದಿಲ್ಲ. ಅದರಲ್ಲೇ ಕಾಳುಗಳು ಸ್ವಲ್ಪ ಕರಗುತ್ತವೆ. ರಾತ್ರಿ ತಂಪಾದಾಗ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಬಿಯಾಂಕೈಟ್ ಆಗುವ ದಾರಿಯೂ ಇದೇ, ಜಾಗ ಮಾತ್ರ ಬೇರೆ. ಚೀಲವನ್ನು ತಂಪು ಜಾಗದಲ್ಲಿ, ಹಲಗೆ ಮೇಲಿಡಿ. ಡಿಎಪಿ ಗೊಬ್ಬರದ ಜೊತೆ ಬೆರೆಸಿಡಬೇಡಿ, ಅದರಲ್ಲಿರುವ ರಂಜಕ ಸೇರಿ ಸತು ಬೆಳೆಗೆ ಸಿಗದ ಹಾಗಾಗುತ್ತದೆ.

ಗಣಿ ಪುಡಿ ಮಾತ್ರ ಹೊಲಕ್ಕೆ ಬೇಡವೇ ಬೇಡ. ಸತುವಿನ ಅದಿರಿನ ಜೊತೆ ಕ್ಯಾಡ್ಮಿಯಂ ಬರುತ್ತದೆ, ಪೈರೈಟ್ ಜೊತೆ ಆರ್ಸೆನಿಕ್ ಬರಬಹುದು. ಹುಳಿಯೂ ಜಾಸ್ತಿ. ನಿಮ್ಮ ಮಣ್ಣು, ನಿಮ್ಮ ಮನೆ ಬಾವಿ ಎರಡೂ ಕೆಡುತ್ತವೆ. ಎಳೇ ಮೆಕ್ಕೆಜೋಳದ ಎಲೆಯಲ್ಲಿ ಬಿಳಿ ಪಟ್ಟೆ ಕಂಡರೆ ಸತು ಕಡಿಮೆ ಇರಬಹುದು, ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಅಂಗಡಿಯದ್ದನ್ನೇ ಹಾಕಿ.

ಮತ್ತೆ ಶಿಕ್ಷಕರಿಂದ, ಮೂರು ದಿನದ ನಂತರ

ಮೇಡಂ, ಎರಡೂ ಪರೀಕ್ಷೆ ಮಾಡಿದೆವು. ಟೀ ಹಾಕಿದ ಕೂಡಲೇ ಮಸಿ ಕಪ್ಪಾಯಿತು. ಮೊಳೆಯನ್ನು ಹದಿನೈದು ನಿಮಿಷ ಬಿಟ್ಟು ಎತ್ತಿದರೆ ನೀರಿನಲ್ಲಿ ಮುಳುಗಿದ್ದ ಭಾಗ ಪೂರ್ತಿ ಕೆಂಪಗೆ ಹೊಳೆಯುತ್ತಿತ್ತು. ಇಡೀ ಕ್ಲಾಸ್ ಎದ್ದು ಬಂದು ನೋಡಿತು. ಹಾಗಾದರೆ ಬಿಯಾಂಕೈಟ್ ಅಲ್ಲವಾ? ಹುಡುಗನ ಮುಖ ಸಪ್ಪೆಯಾಗಿದೆ.

ಉತ್ತರ

ಸಪ್ಪೆಯಾಗುವಂಥದ್ದೇನೂ ಆಗಿಲ್ಲ ಮೇಷ್ಟ್ರೇ. ನಿಮ್ಮದು ಬಹುಶಃ ತಾಮ್ರ ಬೆರೆತ ಮೆಲಂಟರೈಟ್ ಆಗಿತ್ತು. ನಮ್ಮ ಹಿರಿಯರು ಅನ್ನಭೇದಿ ಅನ್ನುತ್ತಿದ್ದ ಕಬ್ಬಿಣದ ಸಲ್ಫೇಟ್ ಇದೆಯಲ್ಲ, ಅದರ ನೈಸರ್ಗಿಕ ರೂಪ. ಅದರಲ್ಲಿ ಸ್ವಲ್ಪ ಮೈಲುತುತ್ತದ ತಾಮ್ರ ಸೇರಿದೆ. ಅದೂ ಏಳು ನೀರಿನದ್ದೇ. ಒಣ ಗಾಳಿಯಲ್ಲಿ ಮೂರು ಅಣು ನೀರು ಬಿಟ್ಟು ರೋಜೆನೈಟ್ ಅನ್ನುವ ಬಿಳಿ ಪುಡಿಯಾಗುತ್ತದೆ. ನೀವು ಬೀರುವಿನಲ್ಲಿ ಕಂಡಿದ್ದು ಅದನ್ನೇ ಇರಬೇಕು. ಹಳದಿ ಕಲೆ ಕಬ್ಬಿಣಕ್ಕೆ ಗಾಳಿಯ ಆಮ್ಲಜನಕ ಇನ್ನಷ್ಟು ಸೇರಿದ ಗುರುತು.

ಖಚಿತ ಮಾಡಲಿಕ್ಕೆ ಎಕ್ಸ್-ರೇ ಪರೀಕ್ಷೆ ಬೇಕು, ಅದಕ್ಕೆ ಹೊಸ ಹರಳೇ ಬೇಕು. ಪುಡಿ ಕಳಿಸಿದರೆ ಪುಡಿಯ ಹೆಸರು ಬರುತ್ತದೆ. ಪರೀಕ್ಷೆಗೆ ಹರಳನ್ನು ಅರೆಯಬೇಕು, ಅರೆಯುವಾಗಿನ ಬಿಸಿಗೂ ನೀರು ಹೋಗಿಬಿಡುತ್ತದೆ. ನಾನು ಮಾಡೋದು ಹೀಗೆ: ಇಂಜೆಕ್ಷನ್ ಸೀಸೆಯಷ್ಟು ಪುಟ್ಟ ಗಾಜಿನ ಸೀಸೆ, ಒಳಗೆ ಖಾಲಿ ಜಾಗ ಉಳಿಯದಷ್ಟು ಹರಳು, ರಬ್ಬರ್ ಮುಚ್ಚಳ, ಸುತ್ತ ಮೇಣ. ಇದೆಲ್ಲ ಸಿಕ್ಕಿದ ಜಾಗದಲ್ಲೇ, ಮನೆಗೆ ಬಂದ ಮೇಲಲ್ಲ. ಚೀಟಿಯಲ್ಲಿ ದಿನ, ಹೊತ್ತು, ಆಗಿನ ಬಿಸಿ ಎಷ್ಟು ಅಂತ ಬರೆಯಬೇಕು.

ಹುಡುಗ ಒಬ್ಬನೇ ಆ ಗುಡ್ಡೆಗೆ ಮತ್ತೆ ಹೋಗೋದು ಬೇಡ. ಹಳೇ ಗಣಿಯ ಬಾಯಿ ಎಲ್ಲಿ ಕುಸಿಯುತ್ತೆ ಗೊತ್ತಾಗೋದಿಲ್ಲ. ಸಂಬಂಧಪಟ್ಟವರ ಅನುಮತಿ ತಗೊಂಡು ನಿಮ್ಮ ಕ್ಲಾಸನ್ನು ಕರೆದುಕೊಂಡು ಬನ್ನಿ, ನಾನೂ ಬರುತ್ತೇನೆ. ಮಳೆಗೆ ಮುಂಚೆ ಬಂದರೆ ಒಳ್ಳೇದು. ಒಂದು ದೊಡ್ಡ ಮಳೆ ಬಿದ್ದರೆ ಹರಳೆಲ್ಲ ಕರಗಿ ಹರಿದುಹೋಗಿರುತ್ತದೆ. ಆ ಕೆಂಪು ಮೊಳೆಯನ್ನು ಅವನಿಗೇ ಕೊಡಿ.