ಕ್ಲೌನ್‌ಫಿಶ್ ಜೋಡಿಯ ನಡುಕ: ಜಗಳವೋ, ಪ್ರಣಯವೋ?

ಪ್ರಶ್ನೆ

ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಆಸೆಲ್ಲಾರಿಸ್ ಜಾತಿಯ ಎರಡು ಕ್ಲೌನ್‌ಫಿಶ್ ಮೀನುಗಳಿವೆ. ಒಂದೂವರೆ ವರ್ಷದ ಹಿಂದೆ ತಂದಾಗ ಎರಡೂ ಮರಿಗಳಾಗಿದ್ದು ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಈಗ ಒಂದು ಮೀನು ಸ್ಪಷ್ಟವಾಗಿ ದೊಡ್ಡದಾಗಿದೆ. ಅದು ಎದುರಾದಾಗಲೆಲ್ಲ ಚಿಕ್ಕದು ಒಂದು ಮಗ್ಗುಲಿಗೆ ವಾಲಿ ಮೈಯೆಲ್ಲ ಥರಥರ ನಡುಗಿಸುತ್ತದೆ, ಹಾಗಿದ್ದರೂ ದೂರ ಓಡಿಹೋಗುವುದಿಲ್ಲ. ಹೋದ ವಾರ ಎರಡೂ ಸೇರಿ ಅನಿಮೋನ್ ಎಂಬ, ಹೂವಿನಂತೆ ಕಾಣುವ ಕಡಲಜೀವಿಯ ಪಕ್ಕದ ಕಲ್ಲನ್ನು ದಿನವಿಡೀ ಕಚ್ಚುತ್ತಿದ್ದವು. ಮಂಗಳವಾರ ಅದೇ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳು ಕಂಡವು, ಗುರುವಾರ ಬೆಳಿಗ್ಗೆ ನೋಡಿದರೆ ಒಂದೂ ಉಳಿದಿರಲಿಲ್ಲ. ದೊಡ್ಡದು ಚಿಕ್ಕದನ್ನು ಹಿಂಸಿಸುತ್ತಿದೆಯೇ? ಇವುಗಳನ್ನು ಬೇರ್ಪಡಿಸಬೇಕೇ?

ಮೊದಲ ಉತ್ತರ

ದಯವಿಟ್ಟು ಬೇರ್ಪಡಿಸಬೇಡಿ. ನೀವು ನೋಡಿದ ನಡುಕ ಶರಣಾಗತಿಯ ಸೂಚನೆ. 'ನೀನೇ ದೊಡ್ಡವಳು, ನಾನು ಎದುರಾಡುವುದಿಲ್ಲ' ಎಂದು ಗಂಡು ಹೆಣ್ಣಿಗೆ ತಿಳಿಸುವ ರೀತಿ ಅದು. ಕ್ಲೌನ್‌ಫಿಶ್ ಮರಿಗಳು ಹುಟ್ಟುವಾಗಲೇ ಗಂಡು ಅಥವಾ ಹೆಣ್ಣು ಎಂದು ನಿರ್ಧಾರವಾಗಿರುವುದಿಲ್ಲ. ಒಟ್ಟಿಗೆ ಬೆಳೆಯುವವುಗಳಲ್ಲಿ ಮೇಲುಗೈ ಪಡೆದದ್ದು ಹೆಣ್ಣಾಗುತ್ತದೆ, ಅದರ ನಂತರದ ಸ್ಥಾನದ್ದು ಗಂಡಾಗಿ ಉಳಿಯುತ್ತದೆ, ಮತ್ತು ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಒಮ್ಮೆ ಹೆಣ್ಣಾದ ಮೀನು ಮತ್ತೆ ಗಂಡಾಗುವುದಿಲ್ಲವಾದ್ದರಿಂದ, ಬೆಳೆದ ಎರಡು ಹೆಣ್ಣುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಒಂದು ಸಾಯುವವರೆಗೂ ಕಾದಾಟ ನಡೆಯಬಹುದು. ಅದು ನಿಜವಾದ ಜಗಳ. ರೆಕ್ಕೆ ಹರಿದಿದ್ದರೆ, ಚಿಕ್ಕದು ನೀರಿನ ಮೇಲ್ಮೈಯ ಮೂಲೆಯಲ್ಲಿ ಅಡಗಿ ಆಹಾರ ಬಿಟ್ಟಿದ್ದರೆ ಮಾತ್ರ ಚಿಂತಿಸಿ.

ಪ್ರಣಯದ ಖಚಿತ ಗುರುತು ಆ ಕಲ್ಲು ಕಚ್ಚುವ ಕೆಲಸವೇ. ಪಾಚಿಯನ್ನೆಲ್ಲ ಕಿತ್ತು ಕಲ್ಲನ್ನು ನುಣುಪಾಗಿಸುವುದರಲ್ಲಿ ಗಂಡು ಮುಂದಿರುತ್ತದೆ. ಮುಂದಿನ ಸಲ ಹೆಣ್ಣಿನ ಹೊಟ್ಟೆಯ ಅಡಿಯನ್ನು ಗಮನಿಸಿ: ಮೊಟ್ಟೆಯಿಡುವ ಸಮಯ ಹತ್ತಿರವಾದಾಗ ಬೆಳ್ಳಗಿನ ಒಂದು ಗಿಡ್ಡ ಕೊಳವೆ ಹೊರಚಾಚಿರುತ್ತದೆ. ಆಮೇಲೆ ಅವಳು ಹೊಟ್ಟೆಯನ್ನು ಕಲ್ಲಿಗೆ ಸವರುತ್ತ ನಿಧಾನವಾಗಿ ಸಾಗುತ್ತಾಳೆ, ಹಿಂದೆಯೇ ಗಂಡು ಅದೇ ದಾರಿಯಲ್ಲಿ ಬಂದು ಮೊಟ್ಟೆಗಳನ್ನು ಫಲಿತಗೊಳಿಸುತ್ತದೆ. ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಾಗದ ದೃಶ್ಯವದು.

ಎರಡನೆಯ ಉತ್ತರ

ಮೊಟ್ಟೆ ಕಾಣೆಯಾದದ್ದಕ್ಕೆ ಬೇಸರ ಬೇಡ. ಹೊಸ ಜೋಡಿಗಳು ಮೊದಮೊದಲ ಮೊಟ್ಟೆಗಳನ್ನು ತಾವೇ ತಿಂದುಬಿಡುವುದು ಸಾಮಾನ್ಯ, ಫಲಿತವಾಗದವುಗಳನ್ನಂತೂ ಖಂಡಿತ ತಿನ್ನುತ್ತವೆ. ಪಳಗಿದ ಗಂಡು ಎದೆಯ ರೆಕ್ಕೆಗಳಿಂದ ಬಿಡುವಿಲ್ಲದೆ ಗಾಳಿ ಬೀಸಿದಂತೆ ನೀರಾಡಿಸುತ್ತ, ಕೆಟ್ಟ ಮೊಟ್ಟೆಗಳನ್ನು ಬಾಯಿಂದ ಆರಿಸಿ ತೆಗೆಯುತ್ತದೆ. ನೀರು 27 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿದ್ದರೆ 7ರಿಂದ 8 ದಿನಗಳಲ್ಲಿ, ದೀಪ ಆರಿದ ಒಂದೆರಡು ಗಂಟೆಯೊಳಗೆ ಮರಿಗಳು ಹೊರಬರುತ್ತವೆ. ಮೊಟ್ಟೆಗಳೊಳಗೆ ಬೆಳ್ಳಿಯಂತೆ ಹೊಳೆಯುವ ಕಣ್ಣುಗಳು ಕಂಡರೆ ಆ ರಾತ್ರಿ ಹತ್ತಿರವಾಯಿತೆಂದು ತಿಳಿಯಿರಿ. ಅಂದು ಪಂಪು ನಿಲ್ಲಿಸಿ ಒಂದು ಮೂಲೆಗೆ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನತ್ತ ಗುಂಪುಗೂಡುತ್ತವೆ; ಬಲೆ ಬಳಸದೆ ಬಟ್ಟಲಿನಿಂದ ನೀರಿನ ಸಮೇತ ಮೊಗೆದು, ಅದೇ ತೊಟ್ಟಿಯ ನೀರು ತುಂಬಿದ ಬೇರೆ ಪಾತ್ರೆಗೆ ಬಿಡಿ.

ಮೂರನೆಯ ಉತ್ತರ

ಮೇಲಿನ ಮಾತಿಗೆ ಒಂದು ಆಕ್ಷೇಪ: ಆಹಾರ ಸಿದ್ಧವಿಲ್ಲದೆ ಮರಿಗಳನ್ನು ಹಿಡಿಯುವುದು ಅವುಗಳನ್ನು ಹಸಿವಿಗೆ ದೂಡಿದಂತೆ. ಮೊದಲ ದಿನಗಳಲ್ಲಿ ಅವುಗಳ ಬಾಯಿಗೆ ಹಿಡಿಸುವುದು ರೋಟಿಫರ್‌ನಂಥ ಸೂಕ್ಷ್ಮ ಜೀವಿಗಳೇ ಹೊರತು ಪುಡಿ ಮಾಡಿದ ಒಣ ಆಹಾರವಲ್ಲ. ಆಗತಾನೆ ಮೊಟ್ಟೆಯೊಡೆದು ಬಂದ ಆರ್ಟಿಮಿಯಾವನ್ನು (ಸೀಗಡಿಯಂಥ ಪುಟ್ಟ ಜೀವಿ) ಕೆಲವು ದಿನಗಳ ನಂತರವೇ ಕೊಡಬೇಕು. ನಾನು ಮೊದಲ ಸಲ ಈ ತಪ್ಪು ಮಾಡಿ, ಮೂರನೆಯ ದಿನದ ಹೊತ್ತಿಗೆ ಒಂದು ಮರಿಯನ್ನೂ ಉಳಿಸಿಕೊಳ್ಳಲಿಲ್ಲ. ಆ ಖಾಲಿ ಪಾತ್ರೆಯನ್ನು ಇಂದಿಗೂ ಮರೆತಿಲ್ಲ. ಜೋಡಿ ಒಗ್ಗಿಕೊಂಡಿದ್ದರೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಮೊಟ್ಟೆಯಿಡುತ್ತದೆ, ಆದ್ದರಿಂದ ಅವಸರಕ್ಕೆ ಕಾರಣವಿಲ್ಲ. ಮೊದಲು ರೋಟಿಫರ್ ಬೆಳೆಸುವುದನ್ನು ಕಲಿಯಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಎರಡನೆಯ ಬಾರಿ ಮೊಟ್ಟೆಯಿಟ್ಟಿವೆ, ಅದೇ ಕಲ್ಲಿನ ಮೇಲೆ. ಈ ಸಲ ಗಂಡು ಆಹಾರಕ್ಕೂ ಅರೆಕ್ಷಣ ಮಾತ್ರ ಮೇಲೆ ಬಂದು, ತುತ್ತು ಕಚ್ಚಿಕೊಂಡು ಮೊಟ್ಟೆಗಳ ಬಳಿಗೆ ಮರಳುತ್ತಿದೆ. ಈ ಮರಿಗಳನ್ನು ಹಿಡಿಯುವುದಿಲ್ಲ. ರೋಟಿಫರ್ ಪಾತ್ರೆಯನ್ನು ಇಂದು ಸಂಜೆಯೇ ಆರಂಭಿಸುತ್ತೇನೆ.