ಎರಡು ಸರ್ವರ್, ಒಂದು ನ್ಯಾಸ್: ಫೇಲ್‌ಓವರ್‌ಗೆ ಇಷ್ಟು ಸಾಕಾ?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ತೊಗರಿಬೇಳೆ ಮಿಲ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಎರಡು ಸರ್ವರ್ ಇವೆ, ಎರಡರಲ್ಲೂ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವಿಎಂ ಓಡಿಸುವ ಸಾಫ್ಟ್‌ವೇರ್). ಐದು ವಿಎಂ, ಅಂದರೆ ಸಾಫ್ಟ್‌ವೇರ್‌ನೊಳಗಿನ ಕಂಪ್ಯೂಟರ್, ಓಡುತ್ತವೆ. ಮುಖ್ಯವಾದವು ಎರಡೇ: ಲೆಕ್ಕಪತ್ರದ ಟ್ಯಾಲಿ, ಮತ್ತೆ ಲಾರಿ ತೂಗುವ ವೇಬ್ರಿಡ್ಜ್‌ನ ಡೇಟಾಬೇಸ್.

ಕಳೆದ ಜನವರಿಯಲ್ಲಿ, ಸುಗ್ಗಿ ಜೋರಿದ್ದಾಗಲೇ, ಒಂದು ಸರ್ವರ್‌ನ ಮದರ್‌ಬೋರ್ಡ್ ಹೋಯಿತು. ವೇಬ್ರಿಡ್ಜ್ ಮೇಲೆ ಲಾರಿ ನಿಂತಿದೆ, ಡಿಸ್‌ಪ್ಲೇಯಲ್ಲಿ ತೂಕ ಕಾಣುತ್ತಿದೆ, ಚೀಟಿ ಮಾತ್ರ ಬರುತ್ತಿಲ್ಲ. ಗುಮಾಸ್ತರು ನೋಟ್‌ಬುಕ್‌ನಲ್ಲಿ ಪೆನ್ನಿನಿಂದ ಬರೆದುಕೊಳ್ಳತೊಡಗಿದರು. ಬ್ಯಾಕಪ್‌ನಿಂದ ಎಬ್ಬಿಸುವಷ್ಟರಲ್ಲಿ ಸಂಜೆ ಆಯಿತು. ಆಳಂದ ಕಡೆಯಿಂದ ಬಂದಿದ್ದ ರೈತರೊಬ್ಬರು ಅಲ್ಲಿಯ ತನಕ ಟ್ರ್ಯಾಕ್ಟರ್ ಮೇಲೇ ಕೂತಿದ್ದರು. ಅವರ ಮುಖ ಈಗಲೂ ಕಣ್ಣ ಮುಂದಿದೆ.

ಈ ಸಲ ಮಾಲೀಕರು 4 ಲಕ್ಷ ಕೊಡಲು ಒಪ್ಪಿದ್ದಾರೆ. ಮಾರುವವರು ಹೇಳುವುದು: ಒಂದು ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ತಗೊಳ್ಳಿ, ಐಸ್ಕಝಿ (ನೆಟ್‌ವರ್ಕ್ ಮೇಲೆ ಡಿಸ್ಕ್ ಕೊಡುವ ವಿಧಾನ) ಮೂಲಕ ಎರಡೂ ಸರ್ವರ್‌ಗೆ ಕೊಡಿ, ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳುತ್ತದೆ, ಅದೇ ಫೇಲ್‌ಓವರ್. ಇನ್ನೊಬ್ಬರು ಸೆಫ್ (ಹಲವು ಸರ್ವರ್‌ಗಳ ಡಿಸ್ಕ್‌ಗಳಲ್ಲಿ ಡೇಟಾದ ಪ್ರತಿಗಳನ್ನು ಹಂಚಿಡುವ ಸಾಫ್ಟ್‌ವೇರ್) ಅನ್ನುತ್ತಾರೆ. ಹತ್ತು ನಿಮಿಷ ನಿಂತರೂ ನಡೆಯುತ್ತದೆ. ಆದರೆ ತೂಕದ ಚೀಟಿ ಒಂದೂ ಕಳೆಯಬಾರದು. ಏನು ಮಾಡಲಿ?

ಉತ್ತರ 1 (ಬೀದರ್‌ನಿಂದ)

ಸರ್, ಆ ಒಂದು ನ್ಯಾಸ್ ಬೇಡ. ಎರಡೂ ಎತ್ತನ್ನು ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಗೂಟ ಕಿತ್ತರೆ ಎರಡೂ ಹೋದವು. ಅದರ ಡಿಸ್ಕ್‌ಗಳನ್ನು ರೇಡ್ 6 ಅನ್ನುವ ರೀತಿಯಲ್ಲಿ ಜೋಡಿಸಿ ಹಾಕಿದರೆ ಎರಡು ಡಿಸ್ಕ್ ಹೋದರೂ ತಡೆಯುತ್ತದೆ, ನಿಜ. ಆದರೆ ಜನವರಿಯಲ್ಲಿ ನಿಮ್ಮದು ಹೋಗಿದ್ದು ಡಿಸ್ಕ್ ಅಲ್ಲ, ಬೋರ್ಡ್, ಅಲ್ವಾ? ನ್ಯಾಸ್‌ನೊಳಗೂ ಇರುವುದು ಒಂದೇ ಬೋರ್ಡ್. ಎರಡು ಕಂಟ್ರೋಲರ್ (ಡಿಸ್ಕ್‌ಗಳನ್ನು ನಡೆಸುವ ಬೋರ್ಡ್) ಇರುವ ಪೆಟ್ಟಿಗೆ ಸಿಗುತ್ತದೆ, ಅದು ಸರಿಯಾದ ಸಾಮಾನು, ನಿಮ್ಮ 4 ಲಕ್ಷಕ್ಕೆ ಆಗುವಂಥದ್ದಲ್ಲ.

ಸೆಫ್ ನನಗೆ ತುಂಬಾ ಇಷ್ಟ. ಆದರೆ ಅದಕ್ಕೆ ಕಡಿಮೆ ಅಂದರೂ ಮೂರು ಸರ್ವರ್ ಬೇಕು. ಮೂರರಲ್ಲೂ ತಲಾ 4 ಟಿಬಿ ಹಾಕಿದರೆ ಒಟ್ಟು 12 ಟಿಬಿ. ಪ್ರತಿಯೊಂದೂ ಮೂರು ಪ್ರತಿ ಇರುವುದರಿಂದ ಕೈಗೆ ಸಿಗುವುದು 4. ಅದರಲ್ಲೂ 85 ಪರ್ಸೆಂಟ್ ತುಂಬಿದರೆ ಎಚ್ಚರಿಕೆ ಕೊಡಲು ಶುರು ಮಾಡುತ್ತದೆ. ನಾನು ಮೊದಲು 1 ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ಮೇಲೆ ಹಾಕಿದ್ದೆ. ಅದರಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ, ಅಷ್ಟೇ. ಒಂದು ಡಿಸ್ಕ್ ಹೋದಾಗ ಸೆಫ್ ಪ್ರತಿಗಳನ್ನು ಮತ್ತೆ ಜೋಡಿಸಲು ಕೂತಿತು, ಇಡೀ ದಾರಿ ಅದಕ್ಕೇ ಬೇಕಾಯಿತು, ವಿಎಂಗಳೆಲ್ಲ ತೆವಳಿದವು. 10 ಗಿಗಾಬಿಟ್ ಇಲ್ಲದೆ ಕೈ ಹಾಕಬೇಡಿ. ಎಸ್‌ಎಸ್‌ಡಿ ಕೂಡ ಕರೆಂಟ್ ಹೋದರೆ ಡೇಟಾ ಉಳಿಸುವ ಕೆಪಾಸಿಟರ್ ಇರುವಂಥದ್ದೇ ಬೇಕು.

ಉತ್ತರ 2 (ಯಾದಗಿರಿಯಿಂದ)

ಬೀದರ್ ಅಣ್ಣ ಹೇಳಿದ್ದು ಸರಿ. ನಿಮಗೆ ಹಂಚಿಕೊಳ್ಳುವ ಸ್ಟೋರೇಜೇ ಬೇಕಿಲ್ಲ ನೋಡ್ರಿ. ಎರಡೂ ಸರ್ವರ್‌ನಲ್ಲಿ ಒಂದೇ ಹೆಸರಿನ ಝಡ್‌ಎಫ್‌ಎಸ್ ಪೂಲ್ (ಡಿಸ್ಕ್‌ಗಳನ್ನು ಸೇರಿಸಿದ ಸ್ಟೋರೇಜ್) ಮಾಡಿ, ಪ್ರಾಕ್ಸ್‌ಮಾಕ್ಸ್‌ನದೇ ರೆಪ್ಲಿಕೇಶನ್ (ಒಂದರ ಡೇಟಾ ಇನ್ನೊಂದಕ್ಕೆ ನಕಲು ಮಾಡುವುದು) ಹಚ್ಚಿ. ಸುಮ್ನೆ ಬಿಟ್ಟರೆ 15 ನಿಮಿಷಕ್ಕೊಮ್ಮೆ ನಡೆಯುತ್ತದೆ, 1 ನಿಮಿಷದ ತನಕ ಇಳಿಸಬಹುದು. ಟ್ಯಾಲಿಗೆ ಇದು ಸಾಕು.

ಚೀಟಿಗೆ ಸಾಕಾಗಲ್ಲ. ಸರ್ವರ್ ಬಿದ್ದ ಆ ಒಂದು ನಿಮಿಷದ ಚೀಟಿಗಳು ಹೋಗಿರುತ್ತವೆ. ಹಾಗಾಗಿ ಡೇಟಾಬೇಸ್‌ಗೆ ಅದರದ್ದೇ ರೆಪ್ಲಿಕೇಶನ್ ಇಡಿ. ಮೈಎಸ್‌ಕ್ಯೂಎಲ್ ಆದರೆ ಸೆಮಿ ಸಿಂಕ್. ಆ ಕಡೆಯ ಸರ್ವರ್ "ಬಂತು" ಅಂದ ಮೇಲೇ ಈ ಕಡೆ ಚೀಟಿ ಮುಗಿಯುತ್ತದೆ. ಆ ಕಡೆ ಉತ್ತರವೇ ಬರದಿದ್ದರೆ 10 ಸೆಕೆಂಡ್ ಕಾದು ಮುಂದೆ ಹೋಗುತ್ತದೆ, ಗೇಟ್ ನಿಲ್ಲಲ್ಲ.

ಇನ್ನೊಂದು, ಇದನ್ನು ಮರೆಯುವವರೇ ಜಾಸ್ತಿ. ಎರಡೇ ಸರ್ವರ್ ಇದ್ದರೆ, ಒಂದು ಸತ್ತಾಗ ಉಳಿದದ್ದಕ್ಕೆ ಎರಡರಲ್ಲಿ ಒಂದೇ ಓಟು. ಬಹುಮತ ಇಲ್ಲ, ಹಾಗಾಗಿ ಅದೂ ವಿಎಂ ಎತ್ತಿಕೊಳ್ಳಲ್ಲ. ಒಂದು ಹಳೇ ಪಿಸಿಯಲ್ಲಿ ಡೆಬಿಯನ್ ಲಿನಕ್ಸ್ ಹಾಕಿ ಕ್ಯೂಡಿವೈಸ್ ಮಾಡಿ. ಅದೇ ಮೂರನೇ ಓಟು. ಕ್ಲಸ್ಟರ್‌ನ, ಅಂದರೆ ಈ ಎರಡು ಸರ್ವರ್‌ಗಳ ಗುಂಪಿನ, ಒಳಗಿನ ವಿಎಂನಲ್ಲಿ ಮಾತ್ರ ಇಡಬೇಡಿ. ಎರಡು ಸರ್ವರ್‌ಗೂ ಬೇರೆ ಬೇರೆ ಯುಪಿಎಸ್ ಕೊಡಿ. ಉಳಿದ ದುಡ್ಡಲ್ಲಿ ಸರ್ವರ್ ರೂಮಿಗೆ ಎರಡನೇ ಎಸಿ ಹಾಕಿಸಿ. ಮೇ ತಿಂಗಳ ನಮ್ಮ ಬಿಸಿಲು ಗೊತ್ತಲ್ಲ, 40 ದಾಟುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಸಾರೆ ಧನ್ಯವಾದ. ನಮ್ಮದು ಮೈಎಸ್‌ಕ್ಯೂಎಲ್ಲೇ. ಹೇಳಿದ ಹಾಗೇ ಮಾಡಿದೆ. ಕ್ಯೂಡಿವೈಸ್ ಪಿಸಿ ವೇಬ್ರಿಡ್ಜ್ ಕೋಣೆಯಲ್ಲಿದೆ, ಧೂಳಿಗೆ ವಾರಕ್ಕೊಮ್ಮೆ ಒರೆಸಲು ಹೇಳಿದ್ದೇನೆ.

ನಿನ್ನೆ ಭಾನುವಾರ ಮಿಲ್ ರಜೆ. ಗುಮಾಸ್ತರನ್ನು ಕರೆಸಿ, ಅವರ ಬೈಕನ್ನೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಚೀಟಿ ತೆಗೆಯುತ್ತಾ ಇರಿ ಅಂದೆ. ಏಳನೇ ಚೀಟಿ ಬಂದ ಕೂಡಲೇ ಮೊದಲ ಸರ್ವರ್‌ನ ಪವರ್ ಕೇಬಲ್ ಕಿತ್ತೆ. ಸುಮಾರು ಮೂರು ನಿಮಿಷಕ್ಕೆ ಟ್ಯಾಲಿ ಎರಡನೇ ಸರ್ವರ್‌ನಲ್ಲಿ ತಾನೇ ಎದ್ದಿತು. ಡೇಟಾಬೇಸನ್ನು ಕೈಯಾರೆ ಬದಲಿಸಲು ನನಗೆ ಇನ್ನೂ ನಾಲ್ಕು ನಿಮಿಷ ಹಿಡಿಯಿತು. ತೆರೆದು ನೋಡಿದರೆ ಏಳೂ ಚೀಟಿ ಇದ್ದವು. ಗುಮಾಸ್ತರು ಎಂಟನೆಯದು ತೆಗೆದು ನನ್ನ ಕೈಗೆ ಕೊಟ್ಟರು.